ವೆನಿಲ್ಲಾ ಬಳ್ಳಿ ಮತ್ತು ಹೊರದೇಶದ ಬೆಲೆ



ನಾವು ಬೆಳೆದು ನಾವೇ ಉಣ್ಣುವ ಬೆಳೆ ಒಂದು ಬಗೆ. ಬೆಳೆದು ಹಡಗು ಹತ್ತಿಸಿ ಕಳಿಸುವ ಬೆಳೆ ಇನ್ನೊಂದು ಬಗೆ. ಈ ಎರಡನೆಯ ಬಗೆಯ ಬೆಳೆಗೆ ಬೆಲೆ ಎಲ್ಲಿ ಹುಟ್ಟುತ್ತದೆ, ಏಕೆ ಬೀಳುತ್ತದೆ ಎಂಬುದನ್ನು ವೆನಿಲ್ಲಾದಿಂದಲೇ ತಿಳಿಯೋಣ. ಐಸ್‌ಕ್ರೀಂ, ಕೇಕುಗಳಿಗೆ ಪರಿಮಳ ಕೊಡುವ ಕೋಡು ಇದು.

ಈ ಬಳ್ಳಿಯ ತವರು ಮೆಕ್ಸಿಕೋ. ಫ್ರೆಂಚರು ಇದನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದರು. ಬಳ್ಳಿ ಹೂ ಬಿಟ್ಟಿತು, ಆದರೆ ಕಾಯಿ ಕಟ್ಟಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಕಡ್ಡಿಯಿಂದ ಹೂವಿನೊಳಗಿನ ತೆಳುಪೊರೆ ಎತ್ತಿ, ಬೆರಳಿನಿಂದ ಪರಾಗ ಒತ್ತಿ ತೋರಿಸಿದ. ಇಂದಿಗೂ ಅದೇ ಕ್ರಮ. ಹೂ ಅರಳಿರುವುದು ಒಂದೇ ದಿನ; ಬೆಳಗ್ಗೆಯೇ ಒಂದೊಂದು ಹೂವನ್ನೂ ಕೈಯಿಂದ ಮುಟ್ಟಬೇಕು. ಆ ವಿದ್ಯೆಯ ಬಲದಿಂದ ಮಡಗಾಸ್ಕರ್ ದ್ವೀಪ ಲೋಕಕ್ಕೆಲ್ಲ ವೆನಿಲ್ಲಾ ಒದಗಿಸುವ ನಾಡಾಯಿತು. ವಿದ್ಯೆ ಕೊಟ್ಟ ಹುಡುಗ ಮಾತ್ರ ಬಡತನದಲ್ಲೇ 1880ರಲ್ಲಿ ತೀರಿಕೊಂಡ. ಮಡಗಾಸ್ಕರ್ 1960ರಲ್ಲಿ ಫ್ರೆಂಚರಿಂದ ಸ್ವತಂತ್ರವಾಯಿತು. ಆಳುವವರು ಹೋದರು, ಬೆಳೆ ಉಳಿಯಿತು, ಕೊಳ್ಳುವವರು ಮಾತ್ರ ಹೊರದೇಶದವರೇ.

2000ನೇ ಇಸವಿಯ ಏಪ್ರಿಲ್‌ನಲ್ಲಿ ಮಡಗಾಸ್ಕರಿನ ವೆನಿಲ್ಲಾ ಸೀಮೆಗೆ ಚಂಡಮಾರುತ ಹೊಡೆಯಿತು. ಸರಕು ಕಡಿಮೆಯಾಯಿತು, ಬೆಲೆ ಏರಿತು. 2003ರ ಹೊತ್ತಿಗೆ ಸಂಸ್ಕರಿಸಿದ ಕೋಡಿಗೆ ಕಿಲೋಗೆ 500 ಡಾಲರಿನ ಆಸುಪಾಸು! ನಮ್ಮ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ತೋಟಗಳಲ್ಲೂ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಬಳ್ಳಿಯ ತುಂಡಿಗೂ ಕಳ್ಳರ ಕಾಟ. ರಾತ್ರಿಯೆಲ್ಲ ತೋಟ ಕಾಯಬೇಕಾಯಿತು.

ಈಗ ಲೆಕ್ಕ ಹಾಕಿ ನೋಡಿ. ನೆಟ್ಟ ಬಳ್ಳಿ ಹೂ ಬಿಡುವುದು ಮೂರನೇ ವರ್ಷಕ್ಕೆ. ಕೋಡು ಬಲಿಯಲು ಮತ್ತೆ ಸುಮಾರು ಒಂಬತ್ತು ತಿಂಗಳು. 2003ರ ಬೆಲೆ ಕಂಡು ನೆಟ್ಟವನ ಕೋಡು ಸಂತೆಗೆ ಬರುವುದು ಯಾವಾಗ? 2006ರ ಮೇಲೆ. ಆದರೆ 2005ರಲ್ಲೇ ಬೆಲೆ ನೆಲ ಕಚ್ಚಿತ್ತು. ಬೆಲೆ ಕಂಡು ನೆಟ್ಟವನಿಗೆ ಆ ಬೆಲೆ ಸಿಗಲೇ ಇಲ್ಲ.

ಏಕೆ ಹೀಗಾಯಿತು? ಕಾರಣ ಎರಡು. ಒಂದು, ಮಡಗಾಸ್ಕರಿನವರೂ ಇತರರೂ ಏಕಕಾಲಕ್ಕೆ ನೆಟ್ಟರು. ಎರಡನೆಯದು, ಕಾರ್ಖಾನೆಯ ವೆನಿಲಿನ್. ಇದನ್ನು ಮರದ ತಿರುಳು, ಪೆಟ್ರೋಲಿಯಂ ಮುಂತಾದವುಗಳಿಂದ ಅಗ್ಗವಾಗಿ ಮಾಡುತ್ತಾರೆ. ಕೋಡು ತುಟ್ಟಿಯಾದ ಕೂಡಲೇ ಕೊಳ್ಳುವವರು ಅದರ ಕಡೆ ತಿರುಗಿದರು. ಒಮ್ಮೆ ತಿರುಗಿದ ಗಿರಾಕಿ ಬೇಗ ಮರಳುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2017ರಲ್ಲಿ ಮತ್ತೊಂದು ಚಂಡಮಾರುತ, ಮತ್ತೆ 500 ಡಾಲರು ದಾಟಿದ ಬೆಲೆ, ಕೆಲವೇ ವರ್ಷಗಳಲ್ಲಿ ಮತ್ತೆ ಕುಸಿತ. ಮಡಗಾಸ್ಕರಿನ ರೈತರು ಕಳ್ಳತನಕ್ಕೆ ಹೆದರಿ ಹಸಿರು ಕೋಡಿನ ಮೇಲೆ ಸೂಜಿಯಿಂದ ಗುರುತು ಚುಚ್ಚುತ್ತಾರೆ. ಬಲಿಯುವ ಮೊದಲೇ ಕೊಯ್ದುಬಿಡುವವರೂ ಉಂಟು. ಆಗ ಪರಿಮಳವೂ ಇಲ್ಲ, ಬೆಲೆಯೂ ಇಲ್ಲ. ಅವರ ಊಟ ಅನ್ನವೇ. ಬೆಲೆ ಬಿದ್ದ ವರ್ಷ ಅಕ್ಕಿ ಕೊಳ್ಳಲು ಕಾಸಿಲ್ಲ. ವೆನಿಲ್ಲಾ ಕೋಡನ್ನು ಬೇಯಿಸಿ ಮಕ್ಕಳಿಗೆ ಬಡಿಸಲಾದೀತೇ?

ಹಾಗಾದರೆ ಹೊರದೇಶದ ಬೆಳೆ ಬೇಡವೇ? ಹಾಗಲ್ಲ. ಅದು ಹಣ ತರುತ್ತದೆ. ಆದರೆ ಈ ನಾಲ್ಕು ಮಾತು ನೆನಪಿಡಿ.

ಒಂದು: ಊಟದ ಗದ್ದೆಯನ್ನು ಅದಕ್ಕೆ ಕೊಡಬೇಡಿ. ಅಡಿಕೆ, ಕಾಳುಮೆಣಸಿನ ತೋಟದ ನಡುವೆ ಉಪಬೆಳೆಯಾಗಿರಲಿ.

ಎರಡು: ಈ ವರ್ಷದ ಬೆಲೆ ನೋಡಿ ಸಾಲ ಮಾಡಬೇಡಿ. ಫಸಲು ಬರುವ ವರ್ಷ ಯಾವುದೆಂದು ಎಣಿಸಿ.

ಮೂರು: ನೆಡುವ ಮೊದಲೇ ಕೊಳ್ಳುವವರು ಯಾರು, ಬೇಡವೆಂದರೆ ಇನ್ನಾರಿಗೆ ಮಾರಬಹುದು ಎಂದು ವಿಚಾರಿಸಿ. ಒಪ್ಪಂದವಿದ್ದರೆ ಕಾಗದದಲ್ಲಿರಲಿ.

ನಾಲ್ಕು: ಕೋಡನ್ನು ಸಂಸ್ಕರಿಸಲು ಕಲಿಯಿರಿ. ಹಸಿ ಕೋಡನ್ನು ಕೇಳಿದ ಬೆಲೆಗೆ ಕೂಡಲೇ ಕೊಡಬೇಕಾಗುತ್ತದೆ. ಸರಿಯಾಗಿ ಬಿಸಿನೀರಿಗೆ ಅದ್ದಿ, ಬೆವರಿಸಿ, ಒಣಗಿಸಿದ ಕೋಡನ್ನು ತಿಂಗಳುಗಟ್ಟಲೆ ಇಟ್ಟು, ಬೆಲೆ ನೋಡಿ ಮಾರಬಹುದು. ನಾಲ್ಕು ಮನೆಯವರು ಸೇರಿ ಮಾಡಿದರೆ ಇನ್ನೂ ಮೇಲು.

ಚಂಡಮಾರುತ ಏಳುವುದು ನಮ್ಮ ಕೈಯಲ್ಲಿಲ್ಲ, ಗಿರಾಕಿಯ ಮನಸ್ಸೂ ನಮ್ಮ ಕೈಯಲ್ಲಿಲ್ಲ. ನಮ್ಮ ತೋಟದಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬುದು ನಮ್ಮ ಕೈಯಲ್ಲೇ ಇದೆ. ಮನೆಮಂದಿಯೆಲ್ಲ ಕೂತು ಆ ಲೆಕ್ಕ ಮಾಡಿ.