ಪ್ರತಿ, ಮೊಳಿ, ಮೌನ: ತನಿಖೆಯಲ್ಲಿರುವವರು ಮಾಧ್ಯಮದ ಎದುರು ಯಾಕೆ ಮಾತಾಡುವುದಿಲ್ಲ?

ಗಡಿನಾಡಿನ ಭಾಷಾಸಂಪರ್ಕದ ಬಗ್ಗೆ ಮಾತಾಡು ಅಂದಾಗ ನನಗೆ ಹೊಳೆದದ್ದು ‘ಪ್ರತಿ’ ಎಂಬ ಪದ. ಕಾಸರಗೋಡಿನ ಕನ್ನಡ ತರಗತಿಯಲ್ಲಿ ನಮಗೆ ಪ್ರತಿ ಅಂದರೆ ನಕಲು, ಹಸ್ತಪ್ರತಿ. ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳ ಪೇಪರ್ ಬಿಡಿಸಿದರೆ ಪ್ರತಿ ಅಂದರೆ ಆರೋಪಿ. ಪೊಲೀಸರಿಗೆ ಕೊಡುವ ಹೇಳಿಕೆಗೆ ಅಲ್ಲಿ ‘ಮೊಳಿ’ ಅನ್ನುತ್ತಾರೆ. ಮಾತು, ಭಾಷೆ ಎಂಬ ಅರ್ಥವೂ ಅದಕ್ಕೇ ಉಂಟು.

ನಾನು ಮಾವ ಎಂದು ಕರೆಯುವ ಸಂಬಂಧಿಕರೊಬ್ಬರು ಒಂದು ಸಂಘದ ಲೆಕ್ಕದ ತಕರಾರಿನಲ್ಲಿ ವಿಚಾರಣೆಗೆ ಹೋಗಬೇಕಾಯಿತು. ಠಾಣೆಯ ಹೊರಗೆ ಮೈಕ್ ಹಿಡಿದವರಿಗೆ ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ, “ದುಡ್ಡು ನನ್ನ ಕೈಯಲ್ಲಿ ಇದ್ದದ್ದು ಹೌದು, ಮರುದಿನ ಬ್ಯಾಂಕಿಗೆ ಕಟ್ಟಿದ್ದೇನೆ” ಅಂದರು. ಸಂಜೆ ಸುದ್ದಿಯಲ್ಲಿ ಬಂದದ್ದು ಮೊದಲರ್ಧ ಮಾತ್ರ. ಅಡಿಯಲ್ಲಿ ‘ಕುಟ್ಟಂ ಸಮ್ಮತಿಚ್ಚು’, ಅಂದರೆ ತಪ್ಪು ಒಪ್ಪಿಕೊಂಡರು. ವಕೀಲರು ಬೈದರು: “ಒಳಗೆ ಹೇಳಿದ್ದಕ್ಕಾದರೂ ರಕ್ಷಣೆ ಉಂಟು ಮಾರಾಯ್ರೆ, ಹೊರಗೆ ಹೇಳಿದ್ದಕ್ಕೆ ಏನುಂಟು?”

ಈ ಒಳಗೆ–ಹೊರಗೆ ವ್ಯತ್ಯಾಸ ನನಗೂ ಹೊಸತು. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಇದನ್ನೇ ಹೇಳುತ್ತಿತ್ತು. 2023ರ ಹೊಸ ಅಧಿನಿಯಮದಲ್ಲಿ ಅದು 23ನೇ ಕಲಮು. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸುವ ಹಾಗೂ ಇಲ್ಲ. ವರದಿಗಾರರು ಪೊಲೀಸರಲ್ಲವಲ್ಲ! ಬಂಧನದಲ್ಲಿ ಇಲ್ಲದವನು ತಾನಾಗಿ ಕ್ಯಾಮೆರಾಕ್ಕೆ ಹೇಳಿದ್ದು ನ್ಯಾಯಾಲಯಕ್ಕೆ ಬರಬಹುದು, ವರದಿಗಾರ ಸಾಕ್ಷಿಯಾಗಬಹುದು. ಅಂಥ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯವೆಂದೇ ನೋಡುತ್ತವೆ, ಆದರೂ ಅದು ಸೊನ್ನೆಯಲ್ಲ. ಇವತ್ತು ಹೇಳಿದ್ದಕ್ಕೂ ನಾಳೆ ಹೇಳುವುದಕ್ಕೂ ಒಂದು ತಾರೀಕು ತಪ್ಪಿದರೆ ಅದನ್ನೇ ಹಿಡಿದು ಪಾಟೀಸವಾಲು. ಸಾಕ್ಷಿಗಳ ಹೆಸರೆತ್ತಿದರೆ ಅವರ ಮೇಲೆ ಪ್ರಭಾವ ಬೀರುತ್ತಿದ್ದಾನೆ ಅಂತ ಜಾಮೀನಿಗೇ ಕುತ್ತು.

ಬಂಧನದಲ್ಲಿದ್ದವರ ಕಥೆ ಬೇರೆ. 2001ರ ಸಂಸತ್ ದಾಳಿ ಪ್ರಕರಣದಲ್ಲಿ ಅಫ್ಜಲ್ ಪೊಲೀಸ್ ವಶದಲ್ಲಿದ್ದಾಗ, ಪೊಲೀಸರ ಎದುರೇ ಟಿವಿಯವರೊಂದಿಗೆ ಮಾತಾಡಿದ್ದ. ಪೊಲೀಸರೇ ಏರ್ಪಡಿಸಿದ ಅಂಥ ಸಂದರ್ಶನಕ್ಕೆ ಬೆಲೆ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಹಾಗಂತ ಬೇರೆ ಸಾಕ್ಷ್ಯಗಳ ಆಧಾರದಲ್ಲಿ ಅವನ ಶಿಕ್ಷೆ ಉಳಿಯಿತು ಅನ್ನಿ.

ಸಂವಿಧಾನದ 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಅನ್ನುತ್ತದೆ. ಈ ರಕ್ಷಣೆ ಪೊಲೀಸ್ ವಿಚಾರಣೆಯ ಹಂತಕ್ಕೂ ಅನ್ವಯಿಸುತ್ತದೆ ಎಂದು 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ತೀರ್ಮಾನವಾಯಿತು. ಮೈಕಿನ ಎದುರು ಬಲವಂತ ಯಾರದ್ದೂ ಇಲ್ಲ. ಅಲ್ಲಿ ಬಾಯಿ ತೆರೆದವನು ತಾನಾಗಿಯೇ ತೆರೆದವನು.

ಕಾಸರಗೋಡಿನಲ್ಲಿ ಇದರ ಮೇಲೆ ಭಾಷೆಯ ತೊಡಕೂ ಸೇರುತ್ತದೆ. ಇದು ನನ್ನ ಅಭಿಪ್ರಾಯ, ಕಾನೂನಿನವರು ತಿದ್ದಲಿ. ನಮ್ಮವರು ಮಾತು ಕೇಳಿಸಿಕೊಳ್ಳುತ್ತಾ ‘ಹೌದು, ಹೌದು’ ಅನ್ನುತ್ತಾರೆ, ಹವ್ಯಕರಾದರೆ ‘ಅಪ್ಪು, ಅಪ್ಪು’. ಅದು ಒಪ್ಪಿಗೆಯಲ್ಲ, ‘ಕೇಳ್ತಾ ಇದ್ದೇನೆ, ಮುಂದೆ ಹೇಳಿ’ ಅಂತ. ಮಲಯಾಳಕ್ಕೆ ಹೋಗುವಾಗ ಆ ‘ಹೌದು’ ‘ಸಮ್ಮತಿಚ್ಚು’ ಆಗಿಬಿಟ್ಟರೆ, ಆಡಿದವನಿಗೆ ಅದನ್ನು ತಿದ್ದಲು ಜಾಗವೇ ಇಲ್ಲ.

ಮಾವ ಈಗ ಯಾರು ಫೋನ್ ಮಾಡಿದರೂ “ವಕೀಲರಲ್ಲಿ ಕೇಳಿ” ಅಂತ ಇಡುತ್ತಾರೆ. ಊರಿನಲ್ಲಿ ಅದಕ್ಕೂ ಮಾತು ಬಂತು: ಏನೋ ಉಂಟು, ಇಲ್ಲದಿದ್ದರೆ ಯಾಕೆ ಬಾಯಿ ಬಿಡುವುದಿಲ್ಲ?