ಹಾಡಿದ ವಚನ, ಓದಿದ ವಚನ

ಒಂದು ಗೀತೆಯನ್ನು ಒಬ್ಬರು ಮೊದಲು ಹಾಡಿ ಪ್ರಸಿದ್ಧಿಗೆ ತಂದ ಮೇಲೆ ಅದನ್ನೇ ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡುವುದು ಸಂಗೀತಲೋಕದಲ್ಲಿ ಹೊಸ ಸಂಗತಿಯಲ್ಲ. ಚಲನಚಿತ್ರಗೀತೆಗಳ ವಿಷಯದಲ್ಲಿ ಇಂತಹ ಹೋಲಿಕೆ ಸುಲಭ. ಮೊದಲ ಧ್ವನಿಮುದ್ರಣವೇ ಮೂಲ. ಉಳಿದುದೆಲ್ಲ ಅದರ ಅನುಕರಣ, ಇಲ್ಲವೆ ಅದರ ಮರುಸೃಷ್ಟಿ. ಕೇಳುವವನು ಎರಡನ್ನೂ ಒಂದರ ಬೆನ್ನಿಗೆ ಒಂದನ್ನು ಕೇಳಿ ತನ್ನ ಅಭಿಪ್ರಾಯವನ್ನು ಹೇಳಬಹುದು. ವಚನಗಾಯನದ ವಿಷಯದಲ್ಲಿ ಈ ಸೌಕರ್ಯವಿಲ್ಲ. 12ನೆಯ ಶತಮಾನದ ಶರಣರು ತಮ್ಮ ವಚನಗಳನ್ನು ಯಾವ ಧಾಟಿಯಲ್ಲಿ ನುಡಿದರು, ಅಥವಾ ಹಾಡಿದರು, ಎಂಬುದನ್ನು ಇಂದು ಕೇಳಿಸಬಲ್ಲವರು ಯಾರೂ ಇಲ್ಲ. ಉಳಿದಿರುವುದು ಓಲೆಯ ಮೇಲಿನ ಅಕ್ಷರ ಮಾತ್ರ. ಆದುದರಿಂದ ಇಲ್ಲಿ ಮೂಲವೆಂದರೆ ಒಂದು ಹಾಡಲ್ಲ, ಒಂದು ಪಾಠ. ಹಾಡಿದವರೆಲ್ಲರೂ, ಎಷ್ಟೇ ಹಿರಿಯರಾಗಲಿ, ಆ ಪಾಠದ ಮುಂದೆ ಎರಡನೆಯವರೇ.

ಹಾಗಾದರೆ ಶರಣರು ಹಾಡುತ್ತಿರಲಿಲ್ಲವೆ? ಬಸವಣ್ಣನವರ ಒಂದು ವಚನದಲ್ಲಿ ಈ ಪ್ರಶ್ನೆಗೆ ಸಂಬಂಧಪಟ್ಟ ಸ್ಪಷ್ಟವಾದ ಮಾತಿದೆ. ತಾಳದ ಅಳತೆಯನ್ನು ತಾವು ಅರಿಯೆವೆಂದೂ, ಛಂದಸ್ಸಿನವರು ಹೇಳುವ ಗಣಗಳ ಲೆಕ್ಕವೂ ತಮಗೆ ತಿಳಿಯದೆಂದೂ, ದೇವನಿಗೆ ಅದರಿಂದ ಕೇಡಿಲ್ಲವಾದುದರಿಂದ ತಮಗೆ ಒಲಿದಂತೆ ಹಾಡುವೆವೆಂದೂ ಅಲ್ಲಿ ಅವರು ಹೇಳಿಕೊಂಡಿದ್ದಾರೆ. ಈ ವಚನವನ್ನು ವಿನಯದ ಉಕ್ತಿಯೆಂದು ಮಾತ್ರ ಓದಿ ಬಿಡುವುದು ವಾಡಿಕೆ. ಆದರೆ ಅದರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇವೆ: ಹಾಡುವುದುಂಟು, ಅಳತೆಯಿಲ್ಲ. ಇನ್ನೊಂದು ಸುಪ್ರಸಿದ್ಧ ವಚನದಲ್ಲಿ ತಮ್ಮ ಮೈಯನ್ನೇ ವೀಣೆಯ ದಂಡಿಗೆಯಾಗಿ, ತಲೆಯನ್ನು ಸೋರೆಯಾಗಿ, ನರಗಳನ್ನು ತಂತಿಯಾಗಿ ಮಾಡಿಕೊಂಡು ಮೂವತ್ತೆರಡು ರಾಗಗಳನ್ನು ಹಾಡಬೇಕೆಂದು ದೇವನನ್ನು ಬೇಡಿಕೊಳ್ಳುತ್ತಾರೆ. ಅಲ್ಲಿ ಹಾಡುವವನು ಭಕ್ತನಲ್ಲ; ಭಕ್ತನು ವಾದ್ಯ, ಹಾಡುವವನು ದೇವ. ಈ ವಚನವನ್ನು ಇಂದಿನ ಗಾಯಕನು ಒಂದೇ ರಾಗದಲ್ಲಿ ಹಾಡಿ ಮುಗಿಸಬೇಕಾಗಿ ಬರುವುದು ಒಂದು ಸಣ್ಣ ವಿನೋದವೇ ಸರಿ.

ಹಾಡುವುದಕ್ಕೆಂದೇ ರಚಿತವಾದ ಶರಣಸಾಹಿತ್ಯವೂ ಬೇರೆಯಾಗಿ ಉಂಟು. ಸ್ವರವಚನಗಳೆಂದು ಕರೆಯಲ್ಪಡುವ ಈ ರಚನೆಗಳಿಗೆ ಪಲ್ಲವಿಯುಂಟು, ನುಡಿಗಳುಂಟು, ಹಸ್ತಪ್ರತಿಗಳಲ್ಲಿ ಅನೇಕ ವೇಳೆ ರಾಗದ ಹೆಸರೂ ಉಂಟು. ಆದರೆ ರಾಗದ ಹೆಸರು ದೊರೆತಮಾತ್ರಕ್ಕೆ ಧಾಟಿ ದೊರೆತಂತಾಗಲಿಲ್ಲ. ಅದೇ ಹೆಸರಿನ ರಾಗ ಶತಮಾನಗಳಲ್ಲಿ ತನ್ನ ರೂಪವನ್ನು ಬದಲಿಸಿಕೊಂಡಿರಬಹುದು. ಮುಂದೆ ನಿಜಗುಣ ಶಿವಯೋಗಿಗಳು, ಮುಪ್ಪಿನ ಷಡಕ್ಷರಿಗಳು, ಸರ್ಪಭೂಷಣ ಶಿವಯೋಗಿಗಳು ರಚಿಸಿದ ಪದಗಳೂ ಈ ಹಾಡುಗಬ್ಬದ ದಾರಿಯವೇ. ಇವುಗಳನ್ನು ಹಾಡುವವನು ಕವಿಯು ಹಾಕಿಕೊಟ್ಟ ಚೌಕಟ್ಟಿನೊಳಗೆ ಇರುತ್ತಾನೆ. ಎಲ್ಲಿ ಪಲ್ಲವಿಗೆ ಮರಳಬೇಕೆಂಬುದನ್ನು ಕವಿಯೇ ಗೊತ್ತುಮಾಡಿದ್ದಾನೆ. ಹರಿದಾಸರ ಕೀರ್ತನೆಗಳ ಸ್ಥಿತಿಯೂ ಇದೇ: ಪುರಂದರದಾಸರ ಮೂಲ ಧಾಟಿಗಳು ಮರೆಯಾಗಿದ್ದರೂ ಪಲ್ಲವಿಯ ಸ್ಥಾನ ಮರೆಯಾಗಿಲ್ಲ. ವಚನಕ್ಕೆ ಇಂತಹ ಚೌಕಟ್ಟು ಇಲ್ಲ. ಗದ್ಯವೆಂದರೆ ಪೂರಾ ಗದ್ಯವಲ್ಲ, ಪದ್ಯವೆಂದರೆ ಪದ್ಯವೂ ಅಲ್ಲ. ಅದರ ಲಯ ಮಾತಿನ ಲಯ. ಅದನ್ನು ಹಾಡಾಗಿಸುವವನು ಪಲ್ಲವಿಯನ್ನು ತಾನೇ ಹುಡುಕಿಕೊಳ್ಳಬೇಕು. ಮೂಲಕ್ಕೂ ಹಾಡಿಗೂ ಇರುವ ವ್ಯತ್ಯಾಸವೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ.

ಆಧುನಿಕ ಕಾಲದ ವಚನಗಾಯನದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆದರೆ ಸಾಕು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಆಚರಣೆಗೆ ತಂದರು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಒಂದು ಕಡೆ ಉತ್ಸವ, ಇನ್ನೊಂದು ಕಡೆ ಪುಸ್ತಕ. ಎರಡೂ ಸೇರಿ ವಚನವನ್ನು ಮಠದ ಕಟ್ಟುಗಳಿಂದ ಸಭೆಯ ಮುಂದಕ್ಕೆ ತಂದವು. ಅದೇ ಕಾಲದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಶಿಷ್ಯರನ್ನು ಸಿದ್ಧಪಡಿಸುತ್ತಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಆ ಪರಂಪರೆಯನ್ನು ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಮಲ್ಲಿಕಾರ್ಜುನ ಮನಸೂರರು (1910-1992) ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಪದ್ಧತಿಯನ್ನೂ, ಮಂಜೀಖಾನ್ ಹಾಗೂ ಬುರ್ಜೀಖಾನ್ ಅವರಲ್ಲಿ ಜಯಪುರ-ಅತ್ರೌಲಿ ಪದ್ಧತಿಯನ್ನೂ ಕಲಿತವರು. ರಾಯಚೂರ ಕಡೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಾಯನಕ್ಕೇ ಹೆಸರಾದರು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಇಂತಹ ಗಾಯಕರ ಕಂಠ ಮನೆಮನೆಗೆ ತಲುಪಿತು. ಪುಸ್ತಕವನ್ನು ಬಿಡಿಸದವರಿಗೂ ವಚನ ಪರಿಚಯವಾದುದು ಹೀಗೆ. ಈ ಉಪಕಾರವನ್ನು ಮರೆತು ಮಾಡುವ ವಿಮರ್ಶೆ ಕೃತಘ್ನತೆಯಾದೀತು.

ಇಷ್ಟು ಹೇಳಿದ ಮೇಲೆ ಒಂದು ಉದಾಹರಣೆಯನ್ನು ಸಾವಕಾಶವಾಗಿ ನೋಡುವುದು ಉಚಿತ. ಅಕ್ಕಮಹಾದೇವಿಯು ಸಖಿಯನ್ನು ಅಕ್ಕನೆಂದು ಕರೆದು ತಾನು ಕಂಡ ಕನಸನ್ನು ಹೇಳುವ ವಚನ ಮನಸೂರರ ಕಂಠದಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಮೂಲದಲ್ಲಿ ಅದರ ನಡೆ ಹೀಗಿದೆ. ಮೊದಲು ಸಂಬೋಧನೆ, ಕನಸು ಕಂಡೆನೆಂಬ ವಾರ್ತೆ. ಆಮೇಲೆ ಅಕ್ಕಿ, ಅಡಕೆ ಮೊದಲಾದ ಮಂಗಳವಸ್ತುಗಳು. ಅನಂತರ ಕಿರುಜಡೆಯ, ಹೊಳೆಯುವ ಹಲ್ಲಿನ ಗೊರವನೊಬ್ಬ ಭಿಕ್ಷೆಗೆ ಬರುತ್ತಾನೆ. ಅವನು ಮೀರಿ ಹೋಗುವಾಗ ಇವಳು ಬೆನ್ನಟ್ಟಿ ಕೈ ಹಿಡಿಯುತ್ತಾಳೆ. ಕೊನೆಗೆ ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. ಅಲ್ಲಿಗೆ ವಚನ ಮುಗಿಯುತ್ತದೆ. ಕಣ್ಣು ತೆರೆಯುವುದೆಂದರೆ ನಿದ್ದೆಯಿಂದ ಏಳುವುದೂ ಹೌದು, ಅರಿವು ಮೂಡುವುದೂ ಹೌದು. ಈ ಎರಡು ಅರ್ಥಗಳು ಕೂಡುವ ಕ್ರಿಯಾಪದವನ್ನು ಅಕ್ಕ ಎಲ್ಲಕ್ಕೂ ಕೊನೆಯಲ್ಲಿ ಇಟ್ಟಿದ್ದಾಳೆ. ಅದರ ಮುಂದೆ ಮಾತಿಲ್ಲ. ಕಣ್ಣು ತೆರೆದ ಮೇಲೆ ಕನಸಿಗೆ ಮರಳುವ ದಾರಿಯೂ ಇಲ್ಲ.

ಈ ವಚನ ಹಾಡಾದಾಗ ಆಗುವುದೇನು? ವಚನಗಾಯನದ ರೂಢಿಯಂತೆ ಮೊದಲ ಸಾಲು ಪಲ್ಲವಿಯಾಗುತ್ತದೆ. ವಸ್ತುಗಳ ಸಾಲು ಮುಗಿದಾಗ ಒಮ್ಮೆ, ಗೊರವನು ಬಂದಾಗ ಒಮ್ಮೆ, ಕೈ ಹಿಡಿದಾಗ ಒಮ್ಮೆ ಹಾಡು ಪಲ್ಲವಿಗೆ ಹಿಂದಿರುಗುತ್ತದೆ. ಮೂಲದಲ್ಲಿ ನೇರವಾಗಿ ಮುಂದೆ ಸಾಗುವ ಕಥನ ಇಲ್ಲಿ ಸುತ್ತುತ್ತದೆ. ಇದರಿಂದ ಒಂದು ಲಾಭವಂತೂ ಇದೆ. ಕನಸು ಕಂಡೆನೆಂಬ ಮಾತು ಮತ್ತೆ ಮತ್ತೆ ಬಂದಷ್ಟೂ ಬೆರಗು ಹೆಚ್ಚುತ್ತದೆ. ಓದುವಾಗ ಕ್ಷಣದಲ್ಲಿ ದಾಟಿಹೋಗುವ ಸಂಬೋಧನೆಯ ಆಪ್ತತೆ ರಾಗದಲ್ಲಿ ನಿಂತು ಎದೆಯೊಳಗೆ ಇಳಿಯುತ್ತದೆ. ಮನಸೂರರಂತಹ ಗಾಯಕರಲ್ಲಿ ಆ ಕರೆ ಒಂದೊಂದು ಸಲವೂ ಒಂದೊಂದು ಭಾವದಿಂದ ಬರುವುದನ್ನು ಕೇಳಿದವರು ಬಲ್ಲರು. ಪುಸ್ತಕ ಇದನ್ನು ಕೊಡಲಾರದು. ಆದರೆ ಕೊನೆಯಲ್ಲಿ ತೊಡಕು ಎದುರಾಗುತ್ತದೆ. ಕಣ್ಣು ತೆರೆದೆನೆಂಬ ಮಾತನ್ನು ಹಾಡಿದ ಮೇಲೆ ಸಂಗೀತದ ನಿಯಮ ಪಲ್ಲವಿಯನ್ನು ಬೇಡುತ್ತದೆ. ಗಾಯಕನು ಆ ಬೇಡಿಕೆಗೆ ಒಪ್ಪಿದನೆಂದರೆ ಎಚ್ಚತ್ತ ಅಕ್ಕ ಮರಳಿ ಕನಸಿನ ಆರಂಭಕ್ಕೆ ಬಂದು ನಿಲ್ಲುತ್ತಾಳೆ. ಹಾಡು ಪೂರ್ಣವಾಯಿತು, ವಚನ ಪೂರ್ಣವಾಗಲಿಲ್ಲ.

ಇದೇ ತೊಡಕು ಬೇರೆ ರೂಪದಲ್ಲಿ ಬಸವಣ್ಣನವರ ದೇಗುಲದ ವಚನದಲ್ಲಿಯೂ ಕಾಣುತ್ತದೆ. ಸಿರಿವಂತರು ಶಿವಾಲಯವನ್ನು ಕಟ್ಟಿಸುತ್ತಾರೆ, ಬಡವನಾದ ತಾನು ಏನು ಮಾಡಲಿ ಎಂಬ ಪ್ರಶ್ನೆಯಿಂದ ಅದು ಹೊರಡುತ್ತದೆ. ದೇಹವೇ ದೇಗುಲವೆಂಬ ಉತ್ತರಕ್ಕೆ ಏರುತ್ತದೆ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲವೆಂಬ ಸಿದ್ಧಾಂತದಲ್ಲಿ ನಿಲ್ಲುತ್ತದೆ. ಮೊದಲಿನ ಪ್ರಶ್ನೆಯನ್ನು ಪಲ್ಲವಿ ಮಾಡಿದರೆ ಬಡವನ ಕೊರಗು ಹಾಡಿನ ಸ್ಥಾಯಿಯಾಗುತ್ತದೆ. ಬಸವಣ್ಣನವರಿಗೆ ಆ ಕೊರಗು ಮೆಟ್ಟಿಲು ಮಾತ್ರ. ಅದರ ಮೇಲೆ ಕಾಲಿಟ್ಟು ದಾಟಿದವರು ಅವರು. ಕೊನೆಯ ಸಿದ್ಧಾಂತವನ್ನು ಪಲ್ಲವಿ ಮಾಡಿದರೆ ಉತ್ತರ ಮೊದಲೇ ತಿಳಿದುಹೋಗಿ ಪ್ರಶ್ನೆಯ ಬಿಸಿ ಆರುತ್ತದೆ. ಯಾವುದನ್ನು ಆರಿಸಿಕೊಂಡರೂ ಒಂದಿಷ್ಟು ನಷ್ಟ ಕಟ್ಟಿಟ್ಟದ್ದು. ಗಾಯಕನ ಆಯ್ಕೆ ಇಲ್ಲಿ ವ್ಯಾಖ್ಯಾನಕಾರನ ಆಯ್ಕೆಯೇ ಆಗಿಬಿಡುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಶಾಲೆಗಳಲ್ಲಿ, ಸಭಾರಂಭಗಳಲ್ಲಿ ಸಾಮೂಹಿಕವಾಗಿ ಹಾಡುವ ಏಳು ನಿಷೇಧಗಳ ವಚನದಲ್ಲಿ ನಷ್ಟವಾಗುವುದು ಲಯ. ಕಳವು, ಕೊಲೆ ಎಂಬ ಮೊದಲಿನ ಎರಡು ನಿಷೇಧಗಳನ್ನು ಬಸವಣ್ಣನವರು ಅತ್ಯಂತ ಚಿಕ್ಕ ಮಾತುಗಳಲ್ಲಿ, ಏಟು ಹಾಕಿದಂತೆ ನುಡಿದಿದ್ದಾರೆ. ಹುಸಿಯ ವಿಷಯಕ್ಕೆ ಬಂದಾಗ ವಾಕ್ಯ ಹಿಗ್ಗುತ್ತದೆ. ಮುನಿಸಿಗೆ ಮತ್ತೆ ಕುಗ್ಗುತ್ತದೆ. ಅನ್ಯರ ಬಗೆಗಿನ ಅಸಹ್ಯವನ್ನು ಹೇಳುವಲ್ಲಿ ಪುನಃ ನೀಳವಾಗುತ್ತದೆ. ಈ ಏರಿಳಿತದಲ್ಲಿಯೇ ಹೇಳುವವರ ಉಸಿರು ಇದೆ. ಸಮತಾಳದಲ್ಲಿ ಚಪ್ಪಾಳೆಗೆ ಕೂಡಿಸಿ ಹಾಡಿದಾಗ ಚಿಕ್ಕ ಮಾತು ಎಳೆಯಲ್ಪಡುತ್ತದೆ, ನೀಳವಾದುದು ತುರುಕಲ್ಪಡುತ್ತದೆ. ಏಳು ನಿಷೇಧಗಳೂ ಒಂದೇ ಅಳತೆಯ ಏಳು ಇಟ್ಟಿಗೆಗಳಾಗುತ್ತವೆ. ಮಕ್ಕಳ ಬಾಯಿಗೆ ವಚನ ನಿಲ್ಲಲು ಇದು ಬೇಕಾದೀತು, ಅಲ್ಲಗಳೆಯುವಂತಿಲ್ಲ. ಆದರೆ ಹಾಡಿ ಕಲಿತ ಮಗುವಿಗೆ ಮುಂದೊಂದು ದಿನ ಅದನ್ನು ಹಾಡದೆ, ನಿಧಾನವಾಗಿ ಓದಿ ತೋರಿಸುವ ಗುರುವೂ ಬೇಕು.

ಅಂಕಿತದ ಮಾತು ಇನ್ನೂ ಸೂಕ್ಷ್ಮವಾದುದು. ಕೀರ್ತನೆಯಲ್ಲಿ ಅಂಕಿತವು ಬಹುಮಟ್ಟಿಗೆ ಮುದ್ರೆ. ಹಾಡು ಮುಗಿಯಿತೆಂಬ ಸೂಚನೆ. ಆ ಅಭ್ಯಾಸದಿಂದ ಬಂದ ಗಾಯಕರು ವಚನದ ಅಂಕಿತವನ್ನೂ ಬೇರ್ಪಡಿಸಿ ಆಲಾಪದಂತೆ ವಿಸ್ತರಿಸುತ್ತಾರೆ. ವಚನದಲ್ಲಿ ಅಂಕಿತ ವಾಕ್ಯದ ಅಂಗ. ಅದಕ್ಕೆ ವಿಭಕ್ತಿಯುಂಟು, ಕ್ರಿಯಾಪದದೊಡನೆ ನಂಟುಂಟು. ದೇಗುಲದ ವಚನದಲ್ಲಿ ಅದು ಸಂಬೋಧನೆ. ನಿಷೇಧಗಳ ವಚನದಲ್ಲಿ ಒಲಿಸುವ ಕ್ರಿಯೆಗೆ ಕರ್ಮ. ಅಕ್ಕನ ಕನಸಿನಲ್ಲಿ ಕಾಣುವ ಕ್ರಿಯೆಗೆ ಕರ್ಮ. ಕರ್ಮವನ್ನು ಕ್ರಿಯೆಯಿಂದ ದೂರ ಎಳೆದು ನಿಲ್ಲಿಸಿದರೆ ಒಲಿಸುವುದು ಯಾರನ್ನು, ಕಂಡುದು ಯಾರನ್ನು ಎಂಬುದು ಕಿವಿಗೆ ತಪ್ಪಿಹೋಗುತ್ತದೆ. ಅಂಕಿತವು ಓದುಗರಿಗೆ ಎಷ್ಟು ಮಹತ್ತ್ವದ್ದೆಂಬುದಕ್ಕೆ ಮುದ್ರಿತ ಪಾಠದ ಇತಿಹಾಸವೇ ಸಾಕ್ಷಿ. ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದರ ಸ್ಥಾನದಲ್ಲಿ ಲಿಂಗದೇವ ಎಂದು ಬಳಸಿದುದು ವಿವಾದಕ್ಕೆ ಎಡೆಯಾಗಿ, 1998ರಲ್ಲಿ ರಾಜ್ಯ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಅಚ್ಚಿನಲ್ಲಿ ಒಂದು ಹೆಸರು ಬದಲಾದಾಗ ಇಷ್ಟು ಎಚ್ಚರವಹಿಸಿದ ಸಮಾಜ, ಹಾಡಿನಲ್ಲಿ ವಾಕ್ಯವೇ ಮುರಿದಾಗ ತಲೆದೂಗುವುದು ಸೋಜಿಗ.

ಇನ್ನು ಒಬ್ಬರ ಧಾಟಿಯನ್ನು ಮತ್ತೊಬ್ಬರು ಎತ್ತಿಕೊಳ್ಳುವ ವಿಷಯ. ಮನಸೂರರ ಧಾಟಿಯನ್ನು ಕೇಳಿ ಕಲಿತ ಕಿರಿಯ ಗಾಯಕನಿಗೆ ಆ ಧಾಟಿಯೇ ಮೂಲವಾಗಿ ಕಾಣುವುದು ಸಹಜ. ಅವನು ಹೋಲಿಸಿಕೊಳ್ಳುವುದು ಹಿರಿಯರ ಧ್ವನಿಮುದ್ರಣದೊಡನೆ, ಅಕ್ಕನ ಪಾಠದೊಡನೆ ಅಲ್ಲ. ಹೀಗೆ ಹಿರಿಯರು ಭಾವಕ್ಕಾಗಿ ಒಮ್ಮೆ ಬಿಟ್ಟ ಪದ, ಎಳೆದ ಅಕ್ಷರ ಮುಂದಿನವರಲ್ಲಿ ನಿಯಮವಾಗಿ ಉಳಿಯುತ್ತದೆ. 1993ರಲ್ಲಿ ಸರಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಹುಡುಕಿ, ಯಾರೂ ಹಾಡದ ವಚನವೊಂದನ್ನು ತೆಗೆದು ರಾಗ ಹಚ್ಚುವ ಗಾಯಕರಿಗಿಂತ, ಹಾಡಿ ಹಾಡಿ ಸವೆದ ಇಪ್ಪತ್ತು ಮೂವತ್ತು ವಚನಗಳನ್ನೇ ಮತ್ತೆ ಹಾಡುವವರು ಹೆಚ್ಚು.

ಧಾಟಿ ಬದಲಾದಾಗ ಏನಾಗುತ್ತದೆಂಬುದಕ್ಕೆ ಶಿಶುನಾಳ ಶರೀಫ ಸಾಹೇಬರ (1819-1889) ತತ್ತ್ವಪದಗಳು ಒಳ್ಳೆಯ ನಿದರ್ಶನ. ಧಾರವಾಡ ಸೀಮೆಯ ಭಜನಾಮೇಳಗಳಲ್ಲಿ ಇವು ಏಕತಾರಿ, ತಾಳ, ದಮ್ಮಡಿಗಳೊಡನೆ ಬಾಯಿಂದ ಬಾಯಿಗೆ ಬಂದವು. ಮುಂದಾಳು ಒಂದು ನುಡಿ ಎತ್ತಿದರೆ ಹಿಂದಿನವರು ಹಿಡಿಯುತ್ತಿದ್ದರು. ರಾತ್ರಿ ಎಷ್ಟು ಉದ್ದವೋ ಪದವೂ ಅಷ್ಟು ಉದ್ದ. ಸಿ. ಅಶ್ವಥ್ ಅವರು (1939-2009) ಇವುಗಳಿಗೆ ಸುಗಮ ಸಂಗೀತದ ಹೊಸ ಧಾಟಿಗಳನ್ನು ಕೊಟ್ಟರು. ಕ್ಯಾಸೆಟ್ಟುಗಳ ಮೂಲಕವೂ, ಟಿ. ಎಸ್. ನಾಗಾಭರಣರು ನಿರ್ದೇಶಿಸಿದ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕವೂ ಅವು ಮೈಸೂರು ಸೀಮೆಯ ಮೂಲೆಮೂಲೆಗೂ ಹೋದವು. ಮಾಳಿಗೆ ಸೋರುವ ಪದವನ್ನು ಇಂದು ಅರಿಯದವರಿಲ್ಲ. ಆದರೆ ಉತ್ತರದ ಸೀಮೆಯಲ್ಲಿ ಮಾಳಿಗೆಯೆಂದರೆ ತೊಲೆ ಜಂತಿಗಳ ಮೇಲೆ ಮಣ್ಣು ಹಾಕಿದ ಮಟ್ಟಸವಾದ ಮೇಲ್ಛಾವಣಿ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಮಣ್ಣು ಹಾಕಿ ತುಳಿಯದಿದ್ದರೆ ಸೋರುವುದು ಖಂಡಿತ. ದಕ್ಷಿಣದ ಅನೇಕರಿಗೆ ಮಾಳಿಗೆಯೆಂದರೆ ಮೇಲಿನ ಅಂತಸ್ತು. ಅಶ್ವಥ್ ಅವರ ಎತ್ತರದ, ಆರ್ತವಾದ ಕಂಠದಲ್ಲಿ ಆ ಪದ ವೈರಾಗ್ಯದ ಮೊರೆಯಾಗಿ ಕೇಳಿಸುತ್ತದೆ. ಭಜನೆಯ ನಡೆಯಲ್ಲಿ ಅದರೊಳಗೆ ಒಕ್ಕಲುಮನೆಯವನ ನಿತ್ಯದ ಚಿಂತೆಯೂ, ಒಂದಿಷ್ಟು ನಗೆಯೂ ಬೆರೆತಿರುತ್ತವೆ. ಎರಡರಲ್ಲಿ ಒಂದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಹೊಸ ಧಾಟಿಯಿಲ್ಲದಿದ್ದರೆ ಪದ ಅಷ್ಟು ದೂರ ಹೋಗುತ್ತಿರಲಿಲ್ಲ. ಹಳೆಯ ಧಾಟಿ ಮರೆತರೆ ಆ ನಗೆ ಎಲ್ಲಿತ್ತೆಂದು ತೋರಿಸುವವರಿರುವುದಿಲ್ಲ.

ಈ ಕಾರಣದಿಂದ ಭಜನಾಮೇಳಗಳಲ್ಲಿ ಉಳಿದಿರುವ ಹಿರಿಯರ ಧಾಟಿಗಳನ್ನು ಅವರಿರುವಾಗಲೇ ಮುದ್ರಿಸಿಕೊಳ್ಳುವ ಕೆಲಸ ಆಗಬೇಕಾಗಿದೆ. ವಚನಗಾಯನವನ್ನು ಕಲಿಸುವಲ್ಲಿಯೂ, ಸ್ವರ ಹೇಳಿಕೊಡುವುದಕ್ಕೆ ಮುಂಚೆ ವಿದ್ಯಾರ್ಥಿಯಿಂದ ವಚನವನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿಸಿ, ವಾಕ್ಯ ಎಲ್ಲಿ ನಿಲ್ಲುತ್ತದೆ, ಅಂಕಿತ ಯಾವ ಕ್ರಿಯೆಗೆ ಸೇರುತ್ತದೆ ಎಂಬುದನ್ನು ಅವನಿಂದಲೇ ಹೇಳಿಸಬೇಕು. ಅಕ್ಕನ ಕನಸಿನ ವಚನದ ವಿಷಯದಲ್ಲಂತೂ ಉಪಾಯ ಕಷ್ಟದ್ದಲ್ಲ. ಕಣ್ಣು ತೆರೆಯುವ ಕೊನೆಯ ಮಾತನ್ನು ಒಮ್ಮೆ ಮಾತ್ರ ಹಾಡಿ, ಪಲ್ಲವಿಗೆ ಮರಳದೆ, ತಂಬೂರಿಯನ್ನಷ್ಟೇ ನುಡಿಯಗೊಟ್ಟು ಗಾಯಕನು ಸುಮ್ಮನಾಗಬಹುದು.