‘ನಮ್ಮೂರಾಗ ಏನೈತ್ರಿ ಬರಿಯೋಕ?’

ದರೋಜಿಯಿಂದ ರೈಲು ಹತ್ತಿ ಬಳ್ಳಾರಿಗೆ ಹೋಗಿ ಪತ್ರಿಕೋದ್ಯಮ ಓದುವ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: “ಫೆಲೋಶಿಪ್‌ಗೆ ಅರ್ಜಿ ಹಾಕೋಣ ಅಂದ್ರ ನಮ್ಮೂರಾಗ ಏನೈತ್ರಿ ಸರ, ಬರಿಯೋಕ?”

ದರೋಜಿಯವಳೇ ಹೀಗಂದ್ರೆ ಹೇಗೆ!

ಮೊದಲು ಸುಲಭದ ದುಡ್ಡಿನ ವಿಷಯ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪತ್ರಿಕೋದ್ಯಮ ಓದುವವರಿಗೂ ಇದೆ. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರ ಸರಿಯಿರಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ವಾರ್ತಾ ಇಲಾಖೆ ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡುತ್ತದೆ. ಆ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲೆಲ್ಲೋ ಸಣ್ಣದಾಗಿ ಬರುತ್ತೆ, ಕಣ್ಣಿಟ್ಟಿರಿ.

ಫೆಲೋಶಿಪ್, ಲೇಖನ ಸ್ಪರ್ಧೆಗಳ ಕಥೆ ಬೇರೆ. ಅಲ್ಲಿ ಗೆಲ್ಲೋದು ನಿಮ್ಮ ಪ್ರಸ್ತಾವ. ನಾನು ಓದುವಾಗ ‘ಗ್ರಾಮೀಣ ಭಾರತದ ಸಮಸ್ಯೆಗಳು’ ಅಂತ ಬರೆದು ಕಳಿಸಿದ್ದೆ. ಉತ್ತರವೇ ಬರಲಿಲ್ಲ. ಈಗ ನೋಡಿದರೆ, ಬರದಿದ್ದದ್ದೇ ಸರಿ. ಪಿ. ಸಾಯಿನಾಥ್ 1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಫೆಲೋಶಿಪ್ ಪಡೆದು ದೇಶದ ಅತಿ ಬಡ ಜಿಲ್ಲೆಗಳಿಗೇ ಹೋದರು. ಆ ವರದಿಗಳೇ 1996ರಲ್ಲಿ ‘ಎವ್ರಿಬಡಿ ಲವ್ಸ್ ಎ ಗುಡ್ ಡ್ರಾಟ್’ ಪುಸ್ತಕವಾದವು. ಎಲ್ಲಿಗೆ ಹೋಗ್ತೀನಿ, ಯಾರನ್ನ ಮಾತಾಡಿಸ್ತೀನಿ ಅನ್ನೋದು ಗೊತ್ತಿದ್ದರೆ ಅರ್ಧ ಅರ್ಜಿ ಬರೆದಂತೆ.

ಈಗ ದರೋಜಿಯನ್ನೇ ತಗೊಳ್ಳಿ. ಇಲ್ಲಿನ ಕರಡಿಧಾಮ ಆಗಿದ್ದು 1994ರಲ್ಲಿ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿಗಳು ಗುಡ್ಡದಿಂದ ಇಳಿದು ಬರುತ್ತವೆ, ಪ್ರವಾಸಿಗರು ಫೋಟೋ ಹೊಡೀತಾರೆ. ಇಷ್ಟೇ ಬರೆದರೆ ಅದು ಪ್ರವಾಸ ಲೇಖನ. ಅದೇ ಕರಡಿ ರಾತ್ರಿ ಹೊಲಕ್ಕೆ ನುಗ್ಗಿದರೆ ಬೆಳೆ ಕಾಯೋರು ಯಾರು? ಪರಿಹಾರದ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕೂತಿರುತ್ತೆ? ಒಂದು ಹಳ್ಳಿ, ಮೂರು ಮನೆ, ಒಂದು ಫೈಲು. ಇದು ಪ್ರಸ್ತಾವ.

ಇನ್ನೊಂದು. ಓದುಬರಹ ಬಾರದಿದ್ದರೂ ರಾತ್ರಿಗಟ್ಟಲೆ ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಈಗ ತಂಬೂರಿ ಹಿಡಿಯೋರು ಎಷ್ಟು ಮಂದಿ ಉಳಿದಿದ್ದಾರೆ? ಒಂದು ರಾತ್ರಿ ಹಾಡಿದರೆ ಅವರ ಕೈಗೆ ಬರೋದೆಷ್ಟು? ಈರಮ್ಮನವರ ಬಗ್ಗೆ ಹೊಗಳಿಕೆ ಬೇಕಾದಷ್ಟು ಬಂದಿದೆ, ಈ ಲೆಕ್ಕ ಕೇಳೋರು ಕಡಿಮೆ.

ಸ್ಪರ್ಧೆಗೆ ಮೊದಲು ಪ್ರಕಟವಾದ ಒಂದಾದರೂ ಬರಹ ಕೈಯಲ್ಲಿರಲಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ‘ಪರಿ’ ಜಾಲತಾಣ ವಿದ್ಯಾರ್ಥಿಗಳ ಗ್ರಾಮೀಣ ವರದಿಗಳಿಗೂ ಜಾಗ ಕೊಟ್ಟಿದೆ, ಕನ್ನಡದಲ್ಲೂ ಓದಬಹುದು.

ಇದೆಲ್ಲ ಕೇಳಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮಾವ ದಿನಾ ರಾತ್ರಿ ಶೇಂಗಾ ಕಾಯಾಕ ಹೊಲದಾಗೇ ಮಲಗ್ತಾರ್ರಿ ಸರ” ಅಂದಳು.

ಅರ್ಜಿಗೆ ಇನ್ನೂ ಹನ್ನೆರಡು ದಿನ ಇದೆ. ಭಾನುವಾರ ಮಾವನನ್ನ ಮಾತಾಡಿಸ್ಕೊಂಡು ಬಾರಮ್ಮ ಅಂದೆ.